ಸಂಗೀತವು ಕಸಬಾಗುವ ಬಗೆ



ಧಾರವಾಡ ಸೀಮೆಯ ನವಲಗುಂದ ತಾಲ್ಲೂಕಿನಲ್ಲಿ ತಿರ್ಲಾಪುರವೆಂಬ ಒಂದು ಹಳ್ಳಿಯಿದೆ. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಎರೆಭೂಮಿ. ಹತ್ತಿ, ಜೋಳ, ಕಡಲೆಗಳ ನಾಡು. ಈ ಕಡೆಯ ಊರುಗಳಲ್ಲಿ ಹಗಲಿನ ದುಡಿಮೆ ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಭಜನೆಗೆ ಕೂಡುವ ರೂಢಿ ಬಹು ಹಳೆಯದು. ಒಂದು ಪೇಟಿ, ಒಂದು ಏಕತಾರಿ, ನಾಲ್ಕು ಜೊತೆ ತಾಳ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ತ್ವಪದ. ಉಳುಮೆ ಮಾಡಿ ಬಂದ ರೈತನೊಬ್ಬನು ಕಿವಿಯ ಮೇಲೆ ಕೈಯಿಟ್ಟು ಏರುಸ್ವರ ಹಿಡಿದನೆಂದರೆ, ಸಂಗೀತಶಾಸ್ತ್ರವನ್ನು ಓದಿದ ನಮ್ಮಂಥವರೂ ಬೆರಗಾಗಬೇಕು. ಆದರೆ ಅವನನ್ನು “ನೀವು ಗವಾಯಿಗಳೇ?” ಎಂದು ಕೇಳಿ ನೋಡಿರಿ. “ಇಲ್ಲರೀ, ನಾವು ಭಜನಿ ಮಂದಿ” ಎಂದು ನಕ್ಕುಬಿಡುತ್ತಾನೆ.

ಈ ಉತ್ತರದಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಹಾಡುವವನಿಗೂ ಗವಾಯಿಗೂ ಇರುವ ಭೇದವೇನು? ಯಾವ ಗುಣದಿಂದ, ಯಾವ ಘಳಿಗೆಯಲ್ಲಿ, ಮನುಷ್ಯನು ಕಸಬಿನ ಸಂಗೀತಗಾರನಾಗುತ್ತಾನೆ? ಸಾಮಾನ್ಯವಾಗಿ ನಾವು ಕೊಡುವ ಉತ್ತರಗಳು ನಾಲ್ಕು. ಹಣ ಪಡೆಯುವವನು ಕಸಬುದಾರನೆಂಬುದು ಒಂದು. ಆ ಕುಲದಲ್ಲಿ ಹುಟ್ಟಿದವನೆಂಬುದು ಎರಡನೆಯದು. ಹೆಚ್ಚು ಬಲ್ಲವನೆಂಬುದು ಮೂರನೆಯದು. ಬಿರುದು ಪಡೆದವನೆಂಬುದು ನಾಲ್ಕನೆಯದು. ಇವುಗಳನ್ನು ತರ್ಕದಿಂದ ಶೋಧಿಸುವುದಕ್ಕಿಂತ ಚರಿತ್ರೆಯಿಂದ ಶೋಧಿಸುವುದು ಲೇಸು. ಅದಕ್ಕೆ ಧಾರವಾಡ ಜಿಲ್ಲೆಗಿಂತ ಒಳ್ಳೆಯ ಕ್ಷೇತ್ರ ನಮಗೆ ದೊರೆಯುವುದು ಕಷ್ಟ. ಕಳೆದ ಶತಮಾನದ ಮೊದಲ ಅರ್ಧದಲ್ಲಿ ಸಂಗೀತದ ಕಸಬು ತನ್ನ ಹಳೆಯ ರೂಪವನ್ನು ಬಿಟ್ಟು ಹೊಸ ರೂಪವನ್ನು ತಳೆದುದನ್ನು ಅಲ್ಲಿ ಕಣ್ಣಾರೆ ಕಾಣುವಂತಿದೆ.

ಹಳೆಯ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಸಂಗೀತಗಾರನು ಹುಟ್ಟಿನಿಂದಲೂ ಆಶ್ರಯದಿಂದಲೂ ನಿರ್ಣಯವಾಗುತ್ತಿದ್ದನು. ಉತ್ತರ ಹಿಂದೂಸ್ಥಾನದ ಘರಾಣೆಗಳಲ್ಲಿ ತಂದೆಯು ಮಗನಿಗೆ, ಮಾವನು ಅಳಿಯನಿಗೆ ಚೀಜುಗಳನ್ನು ಕೊಡುತ್ತಿದ್ದನು. ಹೊರಗಿನವನಿಗೆ ಬಾಗಿಲು ತೆರೆಯುತ್ತಿದ್ದುದು ಅಪರೂಪ. ದೇವಾಲಯಗಳಲ್ಲಿ ಗಾನ ನರ್ತನಗಳ ಸೇವೆಗೆ ಗೊತ್ತಾದ ಮನೆತನಗಳಿದ್ದುವು. ರಾಜಾಸ್ಥಾನಗಳಲ್ಲಿ ವಿದ್ವಾಂಸನಿಗೆ ಸಂಬಳ, ಖಿಲ್ಲತ್ತು, ಆಸನ ಇವೆಲ್ಲವೂ ಗೊತ್ತಾಗಿದ್ದುವು. ನಮ್ಮ ಮೈಸೂರಿನ ಆಸ್ಥಾನವು ಈ ಪದ್ಧತಿಗೆ ಉತ್ತಮ ನಿದರ್ಶನ. ವೀಣೆ ಶೇಷಣ್ಣನವರು, ಬಿಡಾರಂ ಕೃಷ್ಣಪ್ಪನವರು, ವಾಸುದೇವಾಚಾರ್ಯರು ಇಲ್ಲಿ ಬೆಳಗಿದರು. ಆಗ್ರಾ ಘರಾಣೆಯ ನತ್ಥನ್ ಖಾನರು ಇಲ್ಲಿಯೇ ಇದ್ದು 1901ರಲ್ಲಿ ಇಲ್ಲಿಯೇ ತೀರಿಕೊಂಡರು. ಭಾರತದಲ್ಲಿ ಗ್ರಾಮಫೋನು ತಟ್ಟೆಗೆ ಮೊತ್ತಮೊದಲು ಹಾಡಿದವರ ಸಾಲಿನಲ್ಲಿ, 1902ರಲ್ಲಿಯೇ, ನಿಂತಿದ್ದ ಗೌಹರ್ ಜಾನರು 1928ರಲ್ಲಿ ಈ ಆಸ್ಥಾನಕ್ಕೆ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದರು.

ಈ ಆಸ್ಥಾನಕ್ಕೂ ಧಾರವಾಡದ ಸಂಗೀತಕ್ಕೂ ಒಂದು ಹತ್ತಿರದ ನಂಟಿದೆ. ದಸರೆಯ ಸಮಯಕ್ಕೆ ಮೈಸೂರು ದರ್ಬಾರಿಗೆ ಬರುತ್ತಿದ್ದ ಹಿಂದೂಸ್ಥಾನಿ ಗವಾಯಿಗಳಿಗೆ ದಾರಿಯಲ್ಲಿ ಸಿಕ್ಕುವ ತಂಗುದಾಣಗಳೇ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳು. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ಮಿರಜಿನಲ್ಲಿ ನೆಲೆಸಿ, ದಕ್ಷಿಣಕ್ಕೆ ಹೋಗುವಾಗಲೂ ಬರುವಾಗಲೂ ಈ ಊರುಗಳಲ್ಲಿ ಇಳಿಯುತ್ತಿದ್ದರು. ನತ್ಥನ್ ಖಾನರ ಶಿಷ್ಯರಾದ ಭಾಸ್ಕರಬುವಾ ಬಖಲೆಯವರು ಧಾರವಾಡದ ಟ್ರೈನಿಂಗ್ ಕಾಲೇಜಿನಲ್ಲಿ ಸಂಗೀತದ ಉಪಾಧ್ಯಾಯರಾಗಿದ್ದರು. ಮೈಸೂರಿನ ದರ್ಬಾರು ಕೊಟ್ಟ ಬಿದಾಗಿಯೂ ರೈಲುದಾರಿಯೂ ಕೂಡಿ, ಅರಸರು ಎಣಿಸದೆ ಇದ್ದ ಒಂದು ಫಲವನ್ನು ಕೊಟ್ಟುವು: ಕನ್ನಡ ನಾಡಿನ ನಡುವೆ ಖ್ಯಾಲು ಗಾಯನವು ಬೇರೂರಿತು.

ಕುಂದಗೋಳವು ಆಗ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿರಲಿಲ್ಲ. ಅದು ಪಟವರ್ಧನರ ಜಮಖಂಡಿ ಸಂಸ್ಥಾನದ ಒಂದು ತುಂಡು. ಅಲ್ಲಿಯ ನಾಡಿಗೇರ ಮನೆತನದ ವಾಡೆಯು ಗವಾಯಿಗಳಿಗೆ ತೌರುಮನೆಯಂತಿತ್ತು. ಆ ನಾಡಿಗೇರರಲ್ಲಿ ಗುಮಾಸ್ತಿಕೆ ಮಾಡುತ್ತಿದ್ದ ಗಣೇಶರಾವ್ ಸಂಶಿಯವರ ಮಗನೇ ರಾಮಚಂದ್ರ, 1886ರಲ್ಲಿ ಹುಟ್ಟಿದವನು. ಖಾನ್‌ಸಾಹೇಬರು ವಾಡೆಯಲ್ಲಿ ಹಾಡಿದ ಠುಮರಿಯ ಒಂದೆಳೆಯನ್ನು ಈ ಹುಡುಗನು ತನ್ನಷ್ಟಕ್ಕೆ ಗುನುಗುತ್ತಿದ್ದುದನ್ನು ಕೇಳಿ ಅವರು ಅವನನ್ನು ಶಿಷ್ಯನನ್ನಾಗಿ ಒಪ್ಪಿಕೊಂಡರೆಂಬುದು ಕುಂದಗೋಳದಲ್ಲಿ ಮನೆಮಾತು. ಒಪ್ಪಿದ್ದು ಒಂದು ಕರಾರಿನ ಮೇಲೆ: ಎಂಟು ವರ್ಷ ಹುಡುಗನು ತಮ್ಮ ಬಳಿಯಲ್ಲಿಯೇ ಇರಬೇಕು, ನಡುವೆ ಬಿಡತಕ್ಕದ್ದಲ್ಲ.

ಈ ಕರಾರನ್ನು ನಾವು ಲಘುವಾಗಿ ತಿಳಿಯಬಾರದು. ಗುಮಾಸ್ತನ ಮಗನಿಗೆ ಆ ಕಾಲದಲ್ಲಿ ನಿಶ್ಚಿತವಾದ ದಾರಿಯೆಂದರೆ ಇಂಗ್ಲೀಷು ನಾಲ್ಕಕ್ಷರ ಕಲಿತು ಇನ್ನೊಬ್ಬ ಗುಮಾಸ್ತನಾಗುವುದು. ಗಾಯನವು ಅವನ ಕುಲದ ವೃತ್ತಿಯಲ್ಲ, ತಂದೆಯಿಂದ ಬಂದ ಚೀಜುಗಳ ಗಂಟಿಲ್ಲ, ಆಸ್ಥಾನದ ಸನದಿಲ್ಲ. ಬಾಲ್ಯದ ಎಂಟು ವರ್ಷಗಳನ್ನು ಒತ್ತೆಯಿಟ್ಟು ಗೆದ್ದರೆ ಗೆದ್ದ, ಸೋತರೆ ಅತ್ತ ಗವಾಯಿಯೂ ಅಲ್ಲ, ಇತ್ತ ಗುಮಾಸ್ತನೂ ಅಲ್ಲ. ಇಲ್ಲಿಗೆ ಹುಟ್ಟಿನ ಉತ್ತರವು ಬಿದ್ದುಹೋಯಿತು. ಅದರ ಸ್ಥಾನದಲ್ಲಿ ಬಂದುದು ಒಂದು ಮಾತು, ಒಂದು ಬಂಧನ. ಹಿಂದೂಸ್ಥಾನಿ ಪದ್ಧತಿಯಲ್ಲಿ ಶಿಷ್ಯನ ಕೈಗೆ ಗುರುವು ಗಂಡಾ ಎಂಬ ದಾರವನ್ನು ಕಟ್ಟುವುದುಂಟು. ದಾರವು ಸಣ್ಣದು, ಕಟ್ಟು ಮಾತ್ರ ಗಟ್ಟಿ.

ಕಲಿತು ಹೊರಬಂದ ರಾಮಭಾವೂ ಕುಂದಗೋಳಕರರು ಜೀವನಕ್ಕೆ ಹಿಡಿದ ದಾರಿ ರಂಗಭೂಮಿ. ಅಂದಿನ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲಿಗರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಗುರ್ಲಹೊಸೂರಿನವರೆಂಬುದನ್ನು ಇಲ್ಲಿ ನೆನೆಯಬಹುದು. ಶಿಷ್ಯನು ನಾಟಕ ಸೇರಿದ್ದು ಖಾನ್‌ಸಾಹೇಬರಿಗೆ ಮೆಚ್ಚಿಗೆಯಾಗಲಿಲ್ಲವೆಂದು ಹೇಳುತ್ತಾರೆ. ಆದರೂ ಸುಭದ್ರೆಯೇ ಮೊದಲಾದ ಸ್ತ್ರೀಪಾತ್ರಗಳಲ್ಲಿ ಹಾಡಿ ಅವರು ‘ಸವಾಯಿ ಗಂಧರ್ವ’ರೆಂದು ಹೆಸರಾದರು. ಬಾಲಗಂಧರ್ವರ ಕೀರ್ತಿ ಮೇಲೇರಿದ್ದ ಕಾಲದಲ್ಲಿ, ಒಂದಕ್ಕೆ ಒಂದೂಕಾಲು ಎಂಬ ಅರ್ಥದ ಈ ಬಿರುದು ಸಾಮಾನ್ಯವಾದುದಲ್ಲ.

ನಾಟಕ ಕಂಪೆನಿಯು ಸಂಗೀತಗಾರನಿಗೆ ಏನನ್ನು ಕಲಿಸಿತು? ಆಸ್ಥಾನದಲ್ಲಿ ಕೇಳುವವನು ಒಬ್ಬ ಪ್ರಭು. ಅವನ ಚಿತ್ತವೇ ವೇಳೆ. ನಾಟಕಗೃಹದಲ್ಲಿ ಕೇಳುವವರು ಟಿಕೀಟು ಕೊಂಡ ನೂರಾರು ಮಂದಿ. ಪರದೆಯು ಸಾರಿದ ವೇಳೆಗೆ ಏಳಬೇಕು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಸೂತಕವಿರಲಿ, ಆ ರಾತ್ರಿಯ ಪದವನ್ನು ಆ ರಾತ್ರಿಯೇ ಹಾಡಬೇಕು. ಹಳೆಯ ಗವಾಯಿಯು ಪ್ರಭುವಿಗೆ ಋಣಿಯಾಗಿದ್ದನು. ಹೊಸ ಗವಾಯಿಯು ಗೊತ್ತಾದ ದಿನಕ್ಕೂ ಗೊತ್ತಾದ ಘಂಟೆಗೂ ಋಣಿಯಾದನು.

ಹೆಂಗಸರ ಪಾಲಿಗೆ ಈ ಬದಲಾವಣೆಯು ಇನ್ನೂ ಕಠಿನವಾದ ದಾರಿಯಿಂದ ಬಂದಿತು. ನಮ್ಮ ಮೈಸೂರು ಸರ್ಕಾರವು 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಧಾರವಾಡವು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ಕಾಯಿದೆ ಬಂದಿತು. ಒಂದು ಹೀನ ಪದ್ಧತಿಯು ಹೋದುದು ನ್ಯಾಯವೇ. ಆದರೆ ಅದರೊಡನೆ ಹಾಡುವ ಹೆಣ್ಣುಮಕ್ಕಳ ಕಸಬಿಗೆ ಇದ್ದ ಹಳೆಯ ನೆಲೆಯೂ ಹೋಯಿತು. ಕಳಂಕವು ಮಾತ್ರ ಉಳಿಯಿತು. ಗಂಗೂಬಾಯಿ ಹಾನಗಲ್ಲರ ಜೀವನವು ಇದಕ್ಕೆ ಸಾಕ್ಷಿ. ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿಯವರು ಕರ್ಣಾಟಕ ಸಂಗೀತದಲ್ಲಿ ಪಳಗಿದವರು. ಮಗಳ ಕಂಠಕ್ಕೆ ಹಿಂದೂಸ್ಥಾನಿ ಪದ್ಧತಿಯು ಕಲಸಿಹೋಗಬಾರದೆಂದು ತಮ್ಮ ಹಾಡಿಕೆಯನ್ನೇ ಬಿಟ್ಟುಕೊಟ್ಟರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಮಹಾತ್ಮರು ಅಧ್ಯಕ್ಷರಾಗಿದ್ದ ಸಭೆಯಲ್ಲಿ, ಈ ಬಾಲಕಿಯು ಸ್ವಾಗತಗೀತವನ್ನು ಹಾಡಿದಳು. ಹಾಡುವಾಗ ಹೆದರಿಕೆಯಾಗಲಿಲ್ಲ; ಊಟವಾದ ಮೇಲೆ ಎಂಜಲು ಬಳಿಯಲು ತಮಗೇ ಹೇಳಿಯಾರೆಂಬ ಹೆದರಿಕೆಯಿತ್ತೆಂದು ಅವರು ಮುಂದೆ ನೆನೆಸಿಕೊಂಡರು. ಸಾವಿರಾರು ಮಂದಿಯ ಮುಂದೆ ಹಾಡಬಲ್ಲ ಮಗುವಿಗೆ ತನ್ನ ಸ್ಥಾನ ಯಾವುದೆಂಬುದು ಪಂಕ್ತಿಯ ಎಲೆಯ ಬಳಿಯಲ್ಲಿ ತಿಳಿಯುತ್ತಿತ್ತು.

1928ರಲ್ಲಿ ಸಂಸಾರವು ಹುಬ್ಬಳ್ಳಿಗೆ ಬಂದಿತು. 1932ರಲ್ಲಿ ತಾಯಿ ತೀರಿಕೊಂಡರು. ಆ ಸುಮಾರಿನಲ್ಲಿಯೇ ಮುಂಬಯಿಯಲ್ಲಿ ಹಾಡಿ, ‘ಗಾಂಧಾರಿ’ ಎಂಬ ಹೆಸರಿನಲ್ಲಿ ಗ್ರಾಮಫೋನು ತಟ್ಟೆಗಳನ್ನು ಕೊಟ್ಟು, ಗಂಗೂಬಾಯಿಯವರು ಊರೂರುಗಳಿಗೆ ಪರಿಚಿತರಾದರು. ಹಣ ಪಡೆಯುವವನೇ ಕಸಬುದಾರನೆಂಬ ಮಾತು ನಿಜವಾದರೆ, ಅವರು ಆಗಲೇ ಪೂರ್ಣ ಗವಾಯಿ. ಆದರೆ ಅವರ ಕಾರ್ಯವನ್ನು ನೋಡಿರಿ. 1930ರ ದಶಕದ ಕೊನೆಯಲ್ಲಿ ಸವಾಯಿ ಗಂಧರ್ವರು ರಂಗಭೂಮಿಯನ್ನು ಬಿಟ್ಟು ಕುಂದಗೋಳದಲ್ಲಿ ನಿಂತಾಗ, ಈ ಹೆಸರಾದ ಗಾಯಕಿ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗತೊಡಗಿದರು. ಸಾಯಂಕಾಲ ಹೋಗಿ, ರಾತ್ರಿಯ ಗಾಡಿಗೆ ಮನೆಗೆ ಮರಳುವುದು. ರೈಲಿನಲ್ಲಿಯೂ ಬೀದಿಯಲ್ಲಿಯೂ ಜನರ ಕುಚೋದ್ಯವನ್ನು ನುಂಗಿಕೊಂಡು ಹೀಗೆ ಮೂರು ವರ್ಷ ಕಳೆಯಿತು. ಗುರುಗಳು ಒಂದು ಸ್ವರಗುಚ್ಛವನ್ನು ಕೊಟ್ಟರೆ, ಅದು ತಪ್ಪಿಲ್ಲದೆ ನಿಲ್ಲುವವರೆಗೆ ಮುಂದಿನದು ಸಿಕ್ಕುತ್ತಿರಲಿಲ್ಲ. ಗುರುಗೃಹದಲ್ಲಿ ನೀರು ಹೊತ್ತು ಸೇವೆ ಮಾಡುತ್ತ ಕಲಿಯುತ್ತಿದ್ದ ಗದುಗಿನ ಹುಡುಗನೊಬ್ಬನು ಕೆಲವೊಮ್ಮೆ ಅವರನ್ನು ನಿಲ್ದಾಣದವರೆಗೆ ಬಿಟ್ಟುಬರುತ್ತಿದ್ದನು. ಅವನೇ ಭೀಮಸೇನ ಜೋಶಿ. 1922ರಲ್ಲಿ ಹುಟ್ಟಿ, ಗುರುವನ್ನು ಅರಸುತ್ತ ಬಾಲ್ಯದಲ್ಲಿಯೇ ಮನೆಬಿಟ್ಟು ಉತ್ತರ ಹಿಂದೂಸ್ಥಾನವನ್ನು ತಿರುಗಿ, ಕೊನೆಗೆ ಮನೆಯ ಮಗ್ಗುಲಲ್ಲಿಯೇ ಅವನನ್ನು ಕಂಡವನು.

ಮನಸೂರಿನ ಮಲ್ಲಿಕಾರ್ಜುನರ ಕಥೆಯೂ ಇದೇ ಜಾಡಿನದು. 1910ರಲ್ಲಿ ಧಾರವಾಡದ ಬಳಿಯ ಮನಸೂರಿನಲ್ಲಿ ರೈತ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಾಮನರಾಯ ಮಾಸ್ತರರ ನಾಟಕ ಕಂಪೆನಿಯಲ್ಲಿ ಹಾಡಿ, ಅನಂತರ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ಗ್ರಾಮಫೋನು ತಟ್ಟೆಗಳಿಂದ ಹೆಸರು ಬಂದಿತು, ಸಂಪಾದನೆಯೂ ಆಯಿತು. ಆದರೂ ತೃಪ್ತಿಯಾಗದೆ ಜೈಪುರ ಘರಾಣೆಯ ಮಂಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ಅವರು 1937ರಲ್ಲಿ ಅಕಾಲವಾಗಿ ತೀರಿಕೊಂಡ ಮೇಲೆ ಅವರ ತಮ್ಮಂದಿರಾದ ಭೂರ್ಜಿಖಾನರಲ್ಲಿ ಪಾಠ ಮುಂದುವರಿಸಿದರು. ತನ್ನ ಹಾಡು ಅಂಗಡಿಯಲ್ಲಿ ಮಾರಾಟಕ್ಕಿರುವಾಗ ಮತ್ತೊಬ್ಬನ ಮುಂದೆ ಕುಳಿತು, ಬಂದುದನ್ನು ಬದಿಗಿಟ್ಟು, ಮೊದಲಿನಿಂದ ಕಲಿಯುವುದು ಎಷ್ಟು ಕಷ್ಟವೆಂಬುದನ್ನು ಒಂದು ಪದವಿ ಪಡೆದೊಡನೆ ಪುಸ್ತಕ ಮುಚ್ಚುವ ನಮ್ಮಂಥವರು ಊಹಿಸಿಕೊಳ್ಳಬೇಕು.

ಹಣದ ಉತ್ತರವನ್ನು ಇನ್ನೊಂದು ಕಡೆಯಿಂದಲೂ ಶೋಧಿಸಬಹುದು. ಗದುಗಿನ ಪಂಚಾಕ್ಷರಿ ಗವಾಯಿಗಳು ಕಣ್ಣು ಕಾಣದವರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೂ ಬಡವರಿಗೂ ಅನ್ನವನ್ನೂ ವಿದ್ಯೆಯನ್ನೂ ಧರ್ಮಾರ್ಥವಾಗಿ ಕೊಟ್ಟರು. ಕುಂದಗೋಳ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರುಗಳು ಅವರ ಕೈಯಲ್ಲಿ ಪಳಗಿದವರು. ಬಂದ ಸಂಭಾವನೆಯೆಲ್ಲ ಆಶ್ರಮದ ಒಲೆಗೆ ಹೋಗುತ್ತಿತ್ತು. 1944ರಲ್ಲಿ ಅವರು ಲಿಂಗೈಕ್ಯರಾದಾಗ ತಮ್ಮದೆಂದು ಇಟ್ಟುಕೊಂಡಿದ್ದ ಸ್ವತ್ತಿರಲಿಲ್ಲ. ಹಾಗಾದರೆ ಅವರು ಕಸಬಿನ ಗವಾಯಿಗಳಲ್ಲವೇ? ‘ಗವಾಯಿ’ ಎಂಬ ಮಾತು ಅವರ ಹೆಸರಿನ ಭಾಗವೇ ಆಗಿಹೋಗಿದೆ. ಕುರುಡು ಹುಡುಗನೊಬ್ಬನು ಭಿಕ್ಷೆ ಬೇಡದೆ ತನ್ನ ಅನ್ನವನ್ನು ತಾನು ಗಳಿಸಬೇಕಾದರೆ ಸಂಗೀತವು ಅವನಿಗೆ ವಿನೋದವಾಗಿದ್ದರೆ ಸಾಲದು, ಕಸಬೇ ಆಗಬೇಕೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ವಿರಳ. ಹಣವು ಕಸಬಿಗೆ ಬೇಕು. ಆದರೆ ಹಣವೇ ಕಸಬಿನ ಲಕ್ಷಣವಲ್ಲ.

ಇನ್ನು ಬಿರುದು. ಗಂಗೂಬಾಯಿಯವರು ಬಹು ಮಾರ್ಮಿಕವಾಗಿ ಆಡುತ್ತಿದ್ದ ಮಾತೊಂದುಂಟು: ಗಂಡಸು ಹಾಡಿದರೆ, ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ, ಎಂದು. 2002ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಿತು; ಭೀಮಸೇನರಿಗೆ 2008ರಲ್ಲಿ ಭಾರತರತ್ನ ಘೋಷಿತವಾಯಿತು. ಎರಡೂ ಅವರ ಕಸಬು ಪಕ್ವವಾಗಿ ದಶಕಗಳು ಕಳೆದ ಮೇಲಿನ ಮಾತು. ಬಿರುದು ಸಂಗೀತಗಾರನನ್ನು ಮಾಡುವುದಿಲ್ಲ. ಆಗಿಹೋದುದನ್ನು ತಡವಾಗಿ ಒಪ್ಪಿಕೊಳ್ಳುತ್ತದೆ.

ರೇಡಿಯೋ ಬಂದ ಮೇಲೆ ಈ ನಿರ್ಣಯಕ್ಕೆ ಒಬ್ಬ ಹೊಸ ಅಧಿಕಾರಿ ಹುಟ್ಟಿಕೊಂಡನು. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿಯನ್ನು ಸ್ಥಾಪಿಸಿದರು. ಧಾರವಾಡದ ನಿಲಯವು 1950ರ ಜನವರಿಯಲ್ಲಿ ಆರಂಭವಾಯಿತು. ದರ್ಬಾರುಗಳು ಮುಚ್ಚಿ, 1948ರಲ್ಲಿ ಜಮಖಂಡಿಯಂಥ ಸಂಸ್ಥಾನಗಳು ವಿಲೀನವಾಗಿ, ನಾಟಕ ಕಂಪೆನಿಗಳು ಸಿನೆಮಾದ ಮುಂದೆ ಸೊರಗಿದಾಗ, ಸಂಗೀತಗಾರರ ಮನೆಯ ಒಲೆ ಆರದಂತೆ ಕಾಪಾಡಿದುದರಲ್ಲಿ ಬಾನುಲಿಯ ಪಾಲು ದೊಡ್ಡದು. ಕರಾರಿನ ಕಾಗದ, ಗೊತ್ತಾದ ಸಂಭಾವನೆ, ನಿಮಿಷಕ್ಕೆ ತಪ್ಪದ ವೇಳೆ, ಧ್ವನಿಪರೀಕ್ಷೆ, ತರಗತಿ ಇವೆಲ್ಲವೂ ಬಂದುವು. ಆದರೆ ಇದೇ ಬಾನುಲಿಯಲ್ಲಿ, 1940ರ ದಶಕದ ಉತ್ತರಾರ್ಧದಲ್ಲಿ, ಖಾಸಗಿ ಜೀವನವು ಅಪವಾದಕ್ಕೆ ಗುರಿಯಾದವರಿಗೆ ಅವಕಾಶ ಕೊಡಕೂಡದೆಂಬ ನಿಯಮವೂ ಬಂದಿತು. ಅದರ ಏಟು ಬಿದ್ದುದು ಬಹುಮಟ್ಟಿಗೆ ಹಳೆಯ ಗಾಯಕಿಯರ ಮೇಲೆ. ಶತಮಾನಗಳ ಕಾಲ ಸಂಗೀತವನ್ನು ಕಾಪಾಡಿಕೊಂಡು ಬಂದವರನ್ನು, ಸಂಗೀತವು ಮರ್ಯಾದೆಯ ಕಸಬಾದ ದಿನ ಹೊರಗೆ ನಿಲ್ಲಿಸಿದುದು ನಮ್ಮ ಸಂಸ್ಕೃತಿಯ ಚರಿತ್ರೆಯಲ್ಲಿ ಹೆಮ್ಮೆಪಡತಕ್ಕ ಸಂಗತಿಯಲ್ಲ.

ಹಾಗಾದರೆ ಕಸಬಿನ ಸಂಗೀತಗಾರನ ಲಕ್ಷಣವಾವುದು? ಮೇಲಿನ ಜೀವನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರು ಕಟ್ಟುಗಳು ಕಾಣುತ್ತವೆ. ಮೊದಲನೆಯದು ವಿದ್ಯೆಗೆ ಕಟ್ಟು: ವರ್ಷಗಟ್ಟಲೆ ಒಬ್ಬರ ಮುಂದೆ ಕುಳಿತು ಕಲಿಯುವುದು, ಕೀರ್ತಿ ಬಂದ ಮೇಲೂ ಮತ್ತೆ ಕುಳಿತುಕೊಳ್ಳುವುದು. ಎರಡನೆಯದು ವೇಳೆಗೆ ಕಟ್ಟು: ಮನಸ್ಸು ಒಲಿದಾಗ ಹಾಡುವುದಲ್ಲ, ಒಪ್ಪಿದ ಘಂಟೆಗೆ ಹಾಡುವುದು, ಒಲಿಯದ ಮನಸ್ಸನ್ನು ರಿಯಾಜಿನ ಬಲದಿಂದ ಒಲಿಸಿಕೊಳ್ಳುವುದು. ಮೂರನೆಯದು ಬಾಳುವೆಗೆ ಕಟ್ಟು: ಹಾಡು ನಿಂತರೆ ಅನ್ನವೂ ನಿಲ್ಲುವುದೆಂಬ ಸ್ಥಿತಿ. ಗಂಗೂಬಾಯಿಯವರ ಪತಿಯ ವ್ಯಾಪಾರಗಳು ಕೈಹಿಡಿಯದಿದ್ದಾಗ ಮನೆಯನ್ನು ನಡೆಸಿದುದು ಆ ಕಂಠವೇ. ಭಜನೆಯ ರೈತನಿಗೆ ಈ ಮೂರು ಕಟ್ಟುಗಳಿಲ್ಲ. ಅವನ ಹಾಡು ಕಡಿಮೆಯದೆಂದು ಇದರ ಅರ್ಥವಲ್ಲ. ನಿದ್ದೆ ಬಂದರೆ ಅವನು ತಾಳವನ್ನು ಕೆಳಗಿಟ್ಟು ಮನೆಗೆ ಹೋಗಬಹುದು. ಗವಾಯಿಗೆ ಆ ಸ್ವಾತಂತ್ರ್ಯವಿಲ್ಲ.

ಈ ಮಾತಿನಿಂದ ಕೇಳುವ ನಮಗೂ ಒಂದು ಕರ್ತವ್ಯ ಬರುತ್ತದೆ. ಕೆಲವು ವರ್ಷಗಳ ಕೆಳಗೆ ನಾನು ಒಂದು ಮದುವೆಗೆ ಹೋಗಿದ್ದೆನು. ಆರತಕ್ಷತೆಯಲ್ಲಿ ಗಾಯಕರೊಬ್ಬರು ಎರಡೂವರೆ ಘಂಟೆ ಹಾಡಿದರು. ಮರುದಿನ ಚಪ್ಪರದವನು ತನ್ನ ಲೆಕ್ಕವನ್ನು ಪೂರ್ತಿಯಾಗಿ ಪಡೆದನು, ಅಡಿಗೆಯವರೂ ಪಡೆದರು. ಗಾಯಕರಿಗೆ ಸಿಕ್ಕಿದುದು ಒಂದು ಶಾಲು, ತೆಂಗಿನಕಾಯಿ, ತಾಂಬೂಲ. “ಸರಸ್ವತಿಗೆ ಬೆಲೆ ಕಟ್ಟಲಾದೀತೇ?” ಎಂದು ಮನೆಯ ಯಜಮಾನರು ಕೈಮುಗಿದರು. ಗಾಯಕರೂ ಕೈಮುಗಿದು ಹೊರಟರು. ಅವರ ಮನೆಯಲ್ಲಿ ಶಾಲಿಗೆ ಅಕ್ಕಿ ಕೊಡುವ ಅಂಗಡಿಯಿರಲಿಲ್ಲವೆಂಬುದು ನನಗೆ ಗೊತ್ತಿತ್ತು. ನಾನು ಆಗ ಬಾಯಿ ಬಿಡಲಿಲ್ಲ. ಅದರ ನಾಚಿಕೆ ಇಂದಿಗೂ ಇದೆ. ತಿಂಗಳ ಮೊದಲ ದಿನ ನಾನು ಸಂಬಳ ಪಡೆಯುತ್ತೇನೆ. ಅದರಿಂದ ನನ್ನ ವಿದ್ಯೆಯು ಮೈಲಿಗೆಯಾಯಿತೆಂದು ಯಾರೂ ಹೇಳಿಲ್ಲ. ಅದೇ ನ್ಯಾಯವು ಗಾಯಕನಿಗೆ ಏಕಿರಬಾರದು? ಬೆಲೆ ಕಟ್ಟಲಾಗದುದಕ್ಕೆ ಏನನ್ನೂ ಕೊಡದೆ ಇರುವುದು ಭಕ್ತಿಯಲ್ಲ.

ಸವಾಯಿ ಗಂಧರ್ವರು ಕೊನೆಗಾಲದಲ್ಲಿ ಪಾರ್ಶ್ವವಾಯುವಿನಿಂದ ನರಳಿ, 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮಲ್ಲಿಕಾರ್ಜುನ ಮನಸೂರರು ನಲವತ್ತು ವರ್ಷಗಳ ಮೇಲೆ, 1992ರಲ್ಲಿ, ಅದೇ ತಾರೀಖಿನಂದು ತೀರಿಕೊಂಡರು. ಗಂಗೂಬಾಯಿಯವರು 2009ರಲ್ಲಿಯೂ ಭೀಮಸೇನರು 2011ರಲ್ಲಿಯೂ ಹೋದರು. ಗುರುವಿನ ಹೆಸರಿನಲ್ಲಿ ಭೀಮಸೇನರು ಪುಣೆಯಲ್ಲಿ ಬೆಳೆಸಿದ ಉತ್ಸವವು ಲೋಕಪ್ರಸಿದ್ಧವಾಗಿದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಆ ಗುರುವಿನ ಪುಣ್ಯತಿಥಿಗೆ ರಾತ್ರಿಯೆಲ್ಲ ಹಾಡುವ ಸಂಪ್ರದಾಯ ಬೆಳೆದುಬಂದಿತು.

ಈ ಸೀಮೆಯ ಬೈಠಕ್ಕುಗಳಲ್ಲಿ ನೆಲಕ್ಕೆ ಹಾಸುವುದು ನವಲಗುಂದದ ಜಮಖಾನೆ. ಅಲ್ಲಿಯ ಹೆಣ್ಣುಮಕ್ಕಳು ಮನೆಯ ಮಗ್ಗದಲ್ಲಿ ನೆಯ್ದುದು. ಗುಡಿಯ ಕಟ್ಟೆಯಲ್ಲಿ ಭಜನೆಗೆ ಹಾಸುವುದೂ ಅದನ್ನೇ. ತಿರ್ಲಾಪುರದ ಕಡೆಯ ರೈತನು ಅದರ ಮೇಲೆ ಕುಳಿತು ದಣಿವು ಆರಿಸಿಕೊಳ್ಳಲು ಹಾಡುತ್ತಾನೆ. ಗವಾಯಿಯು ಅದರ ಮೇಲೆ ಕುಳಿತು ದುಡಿಯುತ್ತಾನೆ. ಇಬ್ಬರಿಗೂ ನಾವು ಕೈಮುಗಿಯೋಣ. ದುಡಿದವನಿಗೆ ಕೂಲಿಯನ್ನೂ ಕೊಡೋಣ.